ಸದ್ಯ ಏನೂ ಇಲ್ಲ

ಬ್ಲೀಚಿನ ವಾಸನೆ ನನ್ನ ಕೈಬೆರಳುಗಳನ್ನು ಬಿಟ್ಟು ಹೋಗಿಲ್ಲ. ಬೋರ್ಡಿನ ಮೇಲೆ ಬರೆಯುವಾಗ, ಅನ್ನಕ್ಕೆ ಅಕ್ಕಿ ತೊಳೆಯುವಾಗ, ಭಾನುವಾರ ಚರ್ಚಿನ ಪೂಜೆಯಲ್ಲಿ ಕೈಮುಗಿದು ನಿಂತಾಗ, ಬೆರಳು ಮೂಗಿನ ಹತ್ತಿರ ಬಂದರೆ ಸಾಕು, ಅಲ್ಲೇ ಇರುತ್ತದೆ. ಇವರನ್ನು ಕೇಳಿದರೆ, "ಏನೂ ಇಲ್ಲ ಕಣೆ, ಸೋಪಿಂದು" ಅನ್ನುತ್ತಾರೆ. ಬಣ್ಣಕ್ಕೆ ಬೆರೆಸುವ ತಿನ್ನರಿನ ಗಾಳಿಯಲ್ಲೇ ವಯಸ್ಸು ಕಳೆದ ಮೂಗು ಅದು. ಅದರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇವರು ಎಂದರೆ ನನ್ನ ಗಂಡ. ಮೈಸೂರಿನ ಕೆಸರೆಯಲ್ಲಿ ಆಟೋ, ವ್ಯಾನುಗಳಿಗೆ ಬಣ್ಣ ಹೊಡೆಯುವ ಒಂದು ಶೆಡ್ಡು ಇಟ್ಟುಕೊಂಡಿದ್ದಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಕೃಷ್ಣಮೂರ್ತಿಪುರಂನಲ್ಲಿ ನಮ್ಮದೊಂದು ಹಳೆಯ ಬಾಡಿಗೆ ಮನೆ. ಕಕ್ಕಸಿಗೆ ಹಿತ್ತಲ ಅಂಗಳ ದಾಟಿ ಹೋಗಬೇಕು. ಈ ಅಂಗಳದ ಮಾತು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಕಳೆದ ಎರಡು ವರ್ಷಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತ ಜಾಗ ಅದೇ.

ಮೊದಲು ನನಗೆ ಅನುಮಾನ ಬಂದದ್ದು ನೀರಿನ ಸದ್ದಿನಿಂದ. ಹೋಗಿ ಬಂದ ಮೇಲೆ ಎರಡು ಬಕೆಟ್ ನೀರು ಸುರಿಯುವ ಗಂಡಸು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಒಂದು ಬಕೆಟ್ ಹಾಕಿಸಲೇ ನಾನು ಮದುವೆಯಾದಾಗಿನಿಂದ ಜಗಳವಾಡಿದ್ದೆ. ಇದ್ದಕ್ಕಿದ್ದಂತೆ ಎರಡು ಬಕೆಟ್ ಸದ್ದು ಕೇಳಿದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಒಂದು ದಿನ ಬಾಗಿಲು ತಟ್ಟಿ, "ನೀರು ಹಾಕಬೇಡಿ, ನಾನು ನೋಡಬೇಕು" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಮೂತ್ರ ಯಾವ ಬಣ್ಣದಲ್ಲಿ ಹೋಗುತ್ತದೆ?"

"ಮೊದ್ಲು ತಿನ್ನರ್ ಜಾಸ್ತಿ ಆದ ಮರೂನ್ ಥರ ಇತ್ತು ಸಾರ್. ಈಗ ಪ್ರೈಮರ್."

"ಪ್ರೈಮರ್ ಎಂದರೆ?"

"ರೆಡ್ ಆಕ್ಸೈಡು. ಗೇಟಿಗೆ ಹೊಡೀತಾರಲ್ಲ ಸಾರ್, ಬಣ್ಣಕ್ಕೆ ಮುಂಚೆ."

ಡಾಕ್ಟರು ನಗಲಿಲ್ಲ. ಬರೆದುಕೊಂಡರು. ಮಂಗಳೂರು ಕಡೆಯವರು, ವಯಸ್ಸು ಚಿಕ್ಕದು, ಮಾತು ಪುಸ್ತಕದ ಕನ್ನಡ. ಬೀಡಿ ಎಷ್ಟು ವರ್ಷದಿಂದ, ಬಣ್ಣದ ಕೆಲಸ ಎಷ್ಟು ವರ್ಷದಿಂದ, ಮುಖಕ್ಕೆ ಮಾಸ್ಕ್ ಕಟ್ಟುತ್ತಿದ್ದಿರೋ ಎಂದೆಲ್ಲ ಕೇಳಿದರು. ಇವರು ಎಲ್ಲದಕ್ಕೂ ಸತ್ಯ ಹೇಳಿದರು, ಮಾಸ್ಕಿನ ವಿಷಯ ಒಂದನ್ನು ಬಿಟ್ಟು. ಅದನ್ನು ನಾನು ಹೇಳಿದೆ.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ಒಳಗೆ ಹೋದಾಗಲೆಲ್ಲ ಇವರು ಬಣ್ಣ ಕೂಗಿ ಹೇಳಬೇಕು. "ನಿಂಬೆ", "ಟೀ", "ಪ್ರೈಮರ್". ಏನೂ ಇಲ್ಲದಿದ್ದರೆ "ನೀರು". ಪಕ್ಕದ ಮನೆಯವರು ನಾವು ಅಡುಗೆ ಸಾಮಾನಿನ ವಿಷಯ ಮಾತಾಡುತ್ತಿದ್ದೇವೆ ಅಂದುಕೊಂಡಿರಬೇಕು.

ಮೂತ್ರಕೋಶದ ಒಳಮೈಯಲ್ಲಿ ಕ್ಯಾನ್ಸರು. ಮೊದಲ ಹಂತ, ಗೋಡೆಯೊಳಕ್ಕೆ ಇಳಿದಿಲ್ಲ ಎಂದರು. ಕೆಳಗಿನಿಂದಲೇ ಕೊಳವೆ ಹಾಕಿ ಕೆರೆದು ತೆಗೆದರು. ಆಮೇಲೆ ಮಕ್ಕಳ ತೋಳಿಗೆ ಚುಚ್ಚುತ್ತಾರಲ್ಲ, ಆ ಬಿಸಿಜಿಯನ್ನೇ ಮೂತ್ರಕೋಶಕ್ಕೆ ಬಿಟ್ಟರು. ವಾರವಾರವೂ ಹೋದೆವು. ಉರಿ ತಡೆಯಲಾರದೆ ಇವರು ಅಂಗಳದ ಕಲ್ಲಿನ ಮೇಲೆ ಕೂತು ಹಲ್ಲು ಕಚ್ಚುತ್ತಿದ್ದರು. ಮುಗಿಯಿತು ಅಂದುಕೊಂಡ ಮೇಲೆ ಮತ್ತೆ ಬಂತು. ಈ ಸಲ ಗಂಟಾಗಿ ಅಲ್ಲ, ಪಾಚಿಯ ಹಾಗೆ ಹರಡಿಕೊಂಡು.

ಆಗ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಕಟ್ಟುವುದು. ತಿಳಿದವರು ಅದನ್ನೇ ಮಾಡುತ್ತಾರೆ, ಜೀವಕ್ಕೆ ಅದು ಭದ್ರ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಎರಡನೆಯದು, ಪರೀಕ್ಷೆಯ ಹಂತದಲ್ಲಿರುವ ಒಂದು ಹೊಸ ಔಷಧ. ಕೆಲಸ ಮಾಡಬಹುದು, ಮಾಡದೆಯೂ ಇರಬಹುದು. ಮಾಡದಿದ್ದರೆ ಮತ್ತೆ ಚೀಲದ ಮಾತೇ, ತಡಮಾಡುವ ಹಾಗಿಲ್ಲ.

"ಗಾಡಿ ಕೆಳಗೆ ತೂರ್ಕೊಂಡು ಬಣ್ಣ ಹೊಡೆಯೋನು ನಾನು," ಎಂದರು ಇವರು, ಡಾಕ್ಟರಿಗಲ್ಲ, ನನಗೆ. "ಹೊಟ್ಟೆ ಮೇಲೆ ಚೀಲ ಕಟ್ಕೊಂಡು ಎಲ್ಲಿ ತೂರ್ಲಿ?"

ಬೇರೆ ಯಾವ ಮಾತೂ ಅವರಿಗೆ ಬೇಕಿರಲಿಲ್ಲ. ಮೂತ್ರಕೋಶ ಉಳಿಯಬೇಕು, ಅಷ್ಟೆ.

ಒಪ್ಪಿಗೆಯ ಕಾಗದ ಕನ್ನಡದಲ್ಲಿತ್ತು. ಅದರಲ್ಲಿ ಔಷಧದ ಹೆಸರಿನ ಪಕ್ಕ "ವಂಶವಾಹಿ ಚಿಕಿತ್ಸೆ" ಎಂದಿತ್ತು. ಡಾಕ್ಟರು ಜೀನ್ ಥೆರಪಿ ಎನ್ನುತ್ತಿದ್ದರು. ನೆಗಡಿ ತರುವ ಒಂದು ವೈರಸ್ಸು. ಅದು ಬೆಳೆಯದ ಹಾಗೆ ಮಾಡಿ, ಅದರೊಳಗೆ ಒಂದು ವಂಶವಾಹಿಯನ್ನು ಇಟ್ಟು ಮೂತ್ರಕೋಶದೊಳಕ್ಕೆ ಬಿಡುತ್ತಾರೆ. ಒಳಮೈಯ ಕಣಗಳು ಆ ವಂಶವಾಹಿಯನ್ನು ಓದಿಕೊಂಡು, ಕ್ಯಾನ್ಸರಿನ ಮೇಲೆ ಬೀಳುವ ಔಷಧವನ್ನು ತಾವೇ ತಯಾರಿಸುತ್ತವೆ. ಅದು ಅಲ್ಲೇ ಉಳಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಇಷ್ಟನ್ನು ಡಾಕ್ಟರು ಒಪ್ಪಿಗೆಯನ್ನು ಚಿತ್ರೀಕರಿಸುವ ಕ್ಯಾಮೆರಾ ಮುಂದೆ ಕೂತು ನಿಧಾನವಾಗಿ ಹೇಳಿದರು. ಅರ್ಥವಾಯಿತೇ ಎಂದು ಪ್ರತಿ ವಾಕ್ಯಕ್ಕೂ ಕೇಳಿದರು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಎಂದೂ ಹೇಳಿದರು. ಇವರು ಸಹಿ ಹಾಕಿದರು.

ಆವತ್ತು ನಮ್ಮ ಜೊತೆ ಅದೇ ಔಷಧಕ್ಕೆ ಇನ್ನೊಬ್ಬರು ಬಂದಿದ್ದರು. ಹಳ್ಳಿಯ ಒಕ್ಕಲು ಮನೆತನದವರು. ಈಗ ಬೋಗಾದಿ ರಸ್ತೆಯಲ್ಲಿ ಮಳೆಮರದ ಕೆಳಗೆ ಎಳನೀರಿನ ಗಾಡಿ ನಿಲ್ಲಿಸುತ್ತಿದ್ದರು. ಅವರ ಹೆಸರು ನಮಗೆ ಗೊತ್ತಾಗಲೇ ಇಲ್ಲ. ಆಸ್ಪತ್ರೆಯಲ್ಲಿ ಅವರಿಗೂ ಇವರಿಗೂ ನಂಬರೇ ಹೆಸರು. ನಾವೂ ಕೇಳಲಿಲ್ಲ. ದಿನಾ ಸಿಗುವವರ ಹಾಗೆ ಮಾತು ಶುರುವಾಗಿಬಿಟ್ಟಿತ್ತು, ಹೆಸರು ಕೇಳುವ ಹೊತ್ತು ದಾಟಿಹೋಗಿತ್ತು.

ಔಷಧ ಹಾಕುವ ಕೋಣೆಯಲ್ಲಿ ಎರಡು ಮಂಚ. ಕಿಟಕಿ ಪಕ್ಕದ್ದು ಎಳನೀರಿನವರಿಗೆ, ಗೋಡೆ ಪಕ್ಕದ್ದು ಇವರಿಗೆ. ಕೊಳವೆ ಹಾಕಿ ಔಷಧ ಬಿಟ್ಟ ಮೇಲೆ ಒಂದು ಗಂಟೆ ಹೊತ್ತು ತಡೆದುಕೊಂಡಿರಬೇಕು. ಒಳಗಿನ ಮೈಗೆಲ್ಲ ತಾಗಲಿ ಎಂದು ನಡುನಡುವೆ ಮಗ್ಗುಲು ಬದಲಿಸಬೇಕು. ಬಾಗಿಲಲ್ಲಿ ನಿಂತು ಸಿಸ್ಟರು "ಮಗ್ಗುಲು" ಅನ್ನುತ್ತಾರೆ, ಇಬ್ಬರೂ ಒಟ್ಟಿಗೆ ಹೊರಳುತ್ತಾರೆ. ದೋಸೆ ಮಗುಚಿದ ಹಾಗೆ.

"ಮೇಷ್ಟ್ರಮ್ಮ," ಎಂದರು ಎಳನೀರಿನವರು, ನಾನು ಟೀಚರ್ ಎಂದು ತಿಳಿದ ಮೇಲೆ. "ಲೋಕದಲ್ಲೆಲ್ಲ ನೆಗಡಿಗೆ ಔಸ್ದಿ ತಕ್ಕೋತಾರೆ. ನಾವಿಬ್ರು ನೆಗಡೀನೇ ಔಸ್ದಿ ಅಂತ ತಕ್ಕೋತಾ ಇದ್ದೀವಿ ಕಣವ್ವ. ಇನ್ನು ಅದು ಕೆಳಗಿಂದ ಸೀನಿದ್ರೆ ಏನವ್ವ ಗತಿ?"

ಸಿಸ್ಟರಿಗೇ ನಗು ತಡೆಯಲಾಗಲಿಲ್ಲ. "ನಗಿಸ್ಬೇಡಿ ಯಜಮಾನ್ರೇ, ಇಬ್ರೂ ತಡ್ಕೊಂಡಿರ್ಬೇಕು," ಎಂದರು.

ಸ್ವಲ್ಪ ಹೊತ್ತಿನ ಮೇಲೆ ಅವರು ಮತ್ತೆ, "ಆ ಕಾಗ್ದದಲ್ಲಿ ವಂಸ ಅಂತ ಏನೋ ಇತ್ತಲ್ಲ ಮೇಷ್ಟ್ರಮ್ಮ, ಅದು ಯಾರ ವಂಸ?"

"ವಂಶ ಅಲ್ಲ, ವಂಶವಾಹಿ. ಯಾರದೂ ಅಲ್ಲ, ಲ್ಯಾಬಲ್ಲಿ ಮಾಡಿದ್ದು," ಎಂದೆ.

"ಯಾರ್ದಾದ್ರೂ ಆಗ್ಲಿ ಬುಡಿ. ಪೇಂಟ್ರಣ್ಣಂಗೂ ಅದೇ ಬುಟ್ಟವ್ರೆ, ನಂಗೂ ಅದೇ ಬುಟ್ಟವ್ರೆ. ಅಂಗಾದ್ರೆ ಇಬ್ರದೂ ಒಂದೇ ವಂಸ ಆಯ್ತಲ್ಲ? ದಾಯಾದಿಗಳಾಗ್ಬುಟ್ವಲ್ಲ ಪೇಂಟ್ರಣ್ಣ!"

ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಅಲ್ಲಿಂದಲೇ, "ದಾಯಾದಿ ಅಂದ್ಮೇಲೆ ಪಾಲಿಗೆ ಜಗಳ ಆಡ್ಬೇಕಲ್ಲ ಯಜಮಾನ್ರೇ," ಎಂದರು.

"ಆಡಾಣ. ಕಿಟಕಿ ಪಕ್ಕದ ಮಂಚ ನನ್ನ ಪಾಲಿಗೆ ಬಂದದೆ. ಬೇಕಾದ್ರೆ ಕೋರ್ಟಿಗೆ ಓಗು."

"ಮಗ್ಗುಲು," ಎಂದರು ಸಿಸ್ಟರು.

ನಮ್ಮದು ತಲೆತಲಾಂತರದಿಂದ ಮೈಸೂರಿನಲ್ಲೇ ಇರುವ ಕ್ರೈಸ್ತ ಕುಟುಂಬ. ದಾಯಾದಿ ಎನ್ನುವುದು ನಮ್ಮ ಮನೆಗಳಲ್ಲಿ ಆಸ್ತಿ ಹಂಚುವಾಗ ಮಾತ್ರ ಬಾಯಿಗೆ ಬರುವ ಮಾತು. ಅವರಲ್ಲಿ ಹಾಗಲ್ಲ. ದಾಯಾದಿ ಮನೆಯಲ್ಲಿ ಸಾವಾದರೆ ಎಷ್ಟೇ ದೂರವಿದ್ದರೂ ಸೂತಕ. ಮುಖ ನೋಡಿಲ್ಲದಿದ್ದರೂ ತಲೆಗೆ ನೀರು ಹಾಕಿಕೊಳ್ಳಬೇಕು. ಅದಕ್ಕೆ ಹೇಳಿ ಕಳಿಸಲೇಬೇಕು. ಇದನ್ನೂ ಎಳನೀರಿನವರೇ ವಿವರಿಸಿದರು, ಹೊಟ್ಟೆ ಕೆಳಗೆ ಮಾಡಿ ಮಲಗಿಕೊಂಡು, ದಿಂಬಿನೊಳಗಿಂದ. "ನಾನು ಓದ್ರೆ ನಿನಗೆ ಏಳಿ ಕಳಿಸ್ತಾರೆ ಪೇಂಟ್ರಣ್ಣ. ತಣ್ಣೀರು ಸ್ನಾನ ಮಾಡು, ಚಳಿ ಅಂತ ತಪ್ಪಿಸ್ಕೋಬೇಡ." ಮೂವರೂ ನಕ್ಕೆವು.

ಹೊರಡುವಾಗ ಸಿಸ್ಟರು ಬ್ಲೀಚಿನ ವಿಷಯ ಹೇಳಿಕೊಟ್ಟರು. ಇವತ್ತು, ನಾಳೆ, ಇವರು ಹೋಗಿ ಬಂದಾಗಲೆಲ್ಲ ಒಂದು ಲೋಟ ಬ್ಲೀಚ್ ಸುರಿದು, ಒಂದಷ್ಟು ಹೊತ್ತು ಹಾಗೇ ಬಿಟ್ಟು, ಆಮೇಲೆ ನೀರು ಹಾಕಬೇಕು. ಒಳಗೆ ಬಿಟ್ಟದ್ದು ಹೊರಗೆ ಯಾರಿಗೂ ತಾಗಬಾರದು. ನಾನು ಕೈಗವಸು ಹಾಕಿ, ಮೂಗಿಗೆ ಸೆರಗು ಕಟ್ಟಿ, ಮಗ್ಗು ಹಿಡಿದು ಅಂಗಳದಲ್ಲಿ ನಿಂತೆ. ನಾನು ಕೊಲ್ಲುತ್ತಿರುವುದು ಯಾವುದನ್ನು, ಒಳಗೆ ಉಳಿಯಲಿ ಎಂದು ಬೇಡಿಕೊಳ್ಳುತ್ತಿರುವುದು ಯಾವುದನ್ನು ಎಂಬುದು ಸುರಿಯುತ್ತಿರುವಾಗಲೇ ಗೋಜಲಾಗುತ್ತಿತ್ತು.

ಮೂರು ತಿಂಗಳಿಗೆ ತಪಾಸಣೆ. ಕ್ರಿಸ್‌ಮಸ್ಸಿಗೆ ಮನೆಗಳಿಗೆ ಸುಣ್ಣಬಣ್ಣ ಶುರುವಾಗಿದ್ದ ದಿನಗಳು. ಒಳಗೆ ಕೊಳವೆಯ ತುದಿಯಲ್ಲಿ ಕ್ಯಾಮೆರಾ ಹಾಕಿ ನೋಡುತ್ತಾರೆ. ಹೆಂಗಸರನ್ನು ಬಿಡುವುದಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ತೆರೆದು ಇವರು ಬಂದರು. ಲುಂಗಿಯ ಗಂಟನ್ನು ಕೈಯಲ್ಲಿ ಹಿಡಿದಿದ್ದರು, ಇನ್ನೂ ಕಟ್ಟಿರಲಿಲ್ಲ.

"ಸದ್ಯ, ಏನೂ ಇಲ್ವಂತೆ ಕಣೆ!"

ನಾನು ಎದ್ದು ನಿಂತೆ. ನಾನೂ "ಸದ್ಯ!" ಎಂದೆ. "ಸದ್ಯ, ದೇವರು ದೊಡ್ಡವನು" ಎಂದೆ.

ಇವರ ನಂತರದ ಸರದಿ ಎಳನೀರಿನವರದ್ದು. ಅವರು ಹೊರಗೆ ಬರುವ ತನಕ ಕಾದೆವು. ಕಾಯದೆ ಹೋಗುವುದು ಸರಿಯಲ್ಲ ಎನಿಸಿತು. ಅವರು ನಿಧಾನವಾಗಿ ಬಂದು ನನ್ನ ಪಕ್ಕ ಕೂತರು.

"ಇನ್ನೂ ಅದೆ ಅಂದ್ರು ಕಣವ್ವ. ತಗಸ್ಬೇಕಂತೆ."

ಇವರ ಮುಖದಲ್ಲಿ ನಗು ಇನ್ನೂ ಇತ್ತು. ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಇವರು ಕಿಟಕಿಯ ಕಡೆ ತಿರುಗಿದರು. ನಾನು ಅದನ್ನು ನೋಡಿದೆ. ಎಳನೀರಿನವರೂ ನೋಡಿದರು. ಎದ್ದು ಬಂದು ಇವರ ಬೆನ್ನ ಮೇಲೆ ಕೈಯಿಟ್ಟು, "ಸದ್ಯ, ವಂಸದಲ್ಲಿ ಒಬ್ರಿಗಾದ್ರೂ ಕೈ ಇಡೀತಲ್ಲ ಪೇಂಟ್ರಣ್ಣ," ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರ ಮಾತಿನಲ್ಲಿ ಹೊಟ್ಟೆಕಿಚ್ಚು ಇತ್ತೇ ಎಂದು ನಾನು ಎಷ್ಟೋ ಸಲ ನೆನಪಿಗೆ ತಂದುಕೊಂಡು ಹುಡುಕಿದ್ದೇನೆ. ಇರಲಿಲ್ಲ. ಇದ್ದಿದ್ದರೆ ಇವತ್ತು ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಇವರು ಮಾರನೆಯ ದಿನವೇ ಶೆಡ್ಡಿಗೆ ಹೋದರು. ಹುಡುಗರಿಗೆಲ್ಲ ಬಿರಿಯಾನಿ ತರಿಸಿದರು. ಚರ್ಚಿನ ಆಫೀಸಿಗೆ ಹೋಗಿ ಉಪಕಾರ ಸ್ಮರಣೆಯ ಪೂಜೆ ಹೇಳಿಸಿದರು. ಪೂಜೆಯ ದಿನ ಗುರುಗಳು ಇವರ ಹೆಸರು ಓದಿ, "ಪೂರ್ಣ ಗುಣ ಹೊಂದಿದ್ದಕ್ಕಾಗಿ" ಎಂದಾಗ ಸುತ್ತ ಕೂತವರೆಲ್ಲ ತಿರುಗಿ ನೋಡಿ ತಲೆಯಾಡಿಸಿದರು. ಅಂಗಳದಲ್ಲಿ ದಿನಾ "ನೀರು, ನೀರು" ಎಂದು ಕೂಗುತ್ತಿದ್ದರು. ಕೆಲವು ಸಲ ರಾಗ ಎಳೆದು.

ಕ್ರಿಸ್‌ಮಸ್ಸಿಗೆ ನಾನು ಕುಲ್‌ಕುಲ್ ಕರಿದೆ, ರೋಸ್ ಕುಕ್ಕಿ ಮಾಡಿದೆ. ಒಂದು ಡಬ್ಬಿ ತುಂಬಿ, ಶಾಲೆಗೆ ರಜೆ ಇದ್ದ ದಿನ ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಡಾಕ್ಟರಿಗೂ ಸಿಸ್ಟರಿಗೂ ಕೊಟ್ಟು ಬರೋಣವೆಂದು. ಡಾಕ್ಟರು ವರಾಂಡದಲ್ಲೇ ಸಿಕ್ಕರು. ಡಬ್ಬಿ ತೆರೆದು ಹಿಡಿದೆ. ಒಂದು ಕುಲ್‌ಕುಲ್ ತೆಗೆದುಕೊಂಡರು, ಬಾಯಿಗೆ ಹಾಕಲಿಲ್ಲ.

"ನಿಮ್ಮವರು ಊರಿನಿಂದ ಬಂದರೇ?"

"ಯಾವ ಊರು ಸಾರ್?"

"ಎರಡನೆಯ ಡೋಸಿಗೆ ನಾವು ಫೋನು ಮಾಡಿದಾಗಲೆಲ್ಲ ಊರಿನಲ್ಲಿಲ್ಲ, ಮುಂದಿನ ವಾರ ಬರುತ್ತೇನೆ ಎನ್ನುತ್ತಿದ್ದಾರೆ."

ಆಸ್ಪತ್ರೆಗೆ ಕೊಟ್ಟಿದ್ದ ಫೋನ್ ನಂಬರು ಇವರದ್ದು. ಇವರಿಗೆ ಬಂದ ಕರೆಗಳು ನನಗೆ ಗೊತ್ತಿರಲಿಲ್ಲ. "ಎರಡನೆಯ ಡೋಸಾ? ಏನೂ ಇಲ್ಲ ಅಂದಿದ್ರಲ್ಲ ಸಾರ್," ಎಂದೆ.

"ನಾನು ಹೇಳಿದ್ದು, ಸದ್ಯ ಏನೂ ಇಲ್ಲ ಎಂದು."

"ಅದೇ ಸಾರ್. ಸದ್ಯ, ಏನೂ ಇಲ್ಲ ಅಂತ."

"ಹೌದು. ಸದ್ಯ ಏನೂ ಇಲ್ಲ."

ಒಂದೇ ವಾಕ್ಯವನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳುತ್ತ ನಿಂತಿದ್ದೆವು. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ನನ್ನ ಕಿವಿಗೆ ಅದು ಬೇರೆಯಾಗಿ ಕೇಳಿಸಿತು. ಸದ್ಯ. ಈ ಹೊತ್ತಿಗೆ. ಈಗಿನ ಮಟ್ಟಿಗೆ. ವರಾಂಡದ ನೆಲ ಒಂದು ಗೇಣು ಕೆಳಗೆ ಇಳಿದಂತಾಯಿತು.

ಡಾಕ್ಟರಿಗೆ ನಾನು ವಿವರಿಸಬೇಕಾಯಿತು. ನಮ್ಮ ಕಡೆ ಮಗು ಮೆಟ್ಟಿಲಿನಿಂದ ಬಿದ್ದು ಪೆಟ್ಟಾಗದಿದ್ದರೆ "ಸದ್ಯ!" ಅನ್ನುತ್ತೇವೆ. ಬಸ್ಸು ಸಿಕ್ಕರೆ "ಸದ್ಯ!" ಹಾಲು ಉಕ್ಕುವುದರೊಳಗೆ ಒಲೆ ಆರಿಸಿದರೆ "ಸದ್ಯ!" ಪಾರಾದೆವು ಎನ್ನುವುದಕ್ಕೆ, ಬದುಕಿದೆವು ಎನ್ನುವುದಕ್ಕೆ ಅದೇ ಮಾತು. ನೀವು ಈಗಿನ ಮಟ್ಟಿಗೆ ಎಂದಿರಿ. ಇವರು ಪಾರಾದೆ ಎಂದು ಕೇಳಿಸಿಕೊಂಡರು.

ಡಾಕ್ಟರು ಬೆಂಚಿನ ಮೇಲೆ ಕೂತುಬಿಟ್ಟರು. ಕೈಯಲ್ಲಿ ಕುಲ್‌ಕುಲ್ ಹಾಗೇ ಇತ್ತು. "ಮೂತ್ರದ ರಿಪೋರ್ಟು ಬಂದ ಮೇಲೆ ಮುಂದಿನ ಡೋಸಿಗೆ ಕರೆಯುತ್ತೇವೆ ಎಂದೂ ಹೇಳಿದ್ದೆನಲ್ಲ," ಎಂದರು. ಹೇಳಿದ್ದಿರಬೇಕು. ಆ ಮೊದಲ ಮಾತು ಕೇಳಿದ ಮೇಲೆ ಇವರ ಕಿವಿಗೆ ಬೇರೇನೂ ಹೋಗಿರಲಿಲ್ಲ. "ಒಂದು ಸಲ ಕೆಲಸ ಮಾಡಿದರೆ ಸಾಲದು. ಮೂರು ತಿಂಗಳಿಗೊಮ್ಮೆ ಹಾಕುತ್ತಲೇ ಇರಬೇಕು, ನೋಡುತ್ತಲೇ ಇರಬೇಕು. ಈ ವಾರದೊಳಗೆ ಬಂದರೆ ಇನ್ನೂ ಹಾಕಬಹುದು. ದಾಟಿದರೆ ನನ್ನ ಕೈಯಲ್ಲಿಲ್ಲ."

ನಾನು ಅಲ್ಲಿಂದ ನೇರವಾಗಿ ಕೆಸರೆಗೆ ಹೋದೆ. ಇವರು ಒಂದು ಸ್ಕೂಲ್ ವ್ಯಾನಿಗೆ ಹಳದಿ ಹೊಡೆಯುತ್ತಿದ್ದರು. ಒಂದು ಕೋಟು ಬಣ್ಣದ ನಡುವೆ ಕೈ ನಿಲ್ಲಿಸಿದರೆ ಪಟ್ಟೆ ಬೀಳುತ್ತದೆ, ಮಾತಾಡಿಸಬಾರದು ಎಂದು ಮದುವೆಯಾದ ಹೊಸದರಲ್ಲೇ ಕಲಿತಿದ್ದೆ. ಬಾಗಿಲಲ್ಲಿ ನಿಂತೆ. ಈ ಸಲ ಮುಖಕ್ಕೆ ಮಾಸ್ಕ್ ಇತ್ತು. ಸ್ಪ್ರೇ ಗನ್ನು ಹಿಡಿದ ಕೈ ಒಂದೇ ಸಮನೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗುತ್ತಿತ್ತು. ಆ ಬಾಗಿಲಲ್ಲಿ ನಿಂತಷ್ಟು ಹೊತ್ತು ಈ ಮನುಷ್ಯ ಗುಣವಾದ ಮನುಷ್ಯ. ಕೋಟು ಮುಗಿಯದೆ ಇರಲಿ ಎಂದು ನನಗೆ ಅನಿಸಿತು.

ಮುಗಿಯಿತು. ಹೇಳಿದೆ.

ಮಾಸ್ಕ್ ತೆಗೆದು, ಮುಖ ಒರೆಸಿಕೊಂಡು, ಗನ್ನಿನ ತುದಿಯನ್ನು ತಿನ್ನರಿನಲ್ಲಿ ತೊಳೆದರು. "ಆ ಡಾಕ್ಟ್ರಿಗೆ ಕಾಮಾ ಎಲ್ಲಿ ಹಾಕ್ಬೇಕು ಅಂತ ನಿನ್ನಂಥ ಮೇಷ್ಟ್ರು ಯಾರೂ ಕಲಿಸ್ಲಿಲ್ವಾ?" ಎಂದರು.

"ಕಾಮಾ ಹಾಕಿದ್ದು ನೀವು ರೀ."

"ಹಂಗಾದ್ರೆ ನಾನು ಹೇಳಿಸಿದ ಪೂಜೆ? ಅದನ್ನ ವಾಪಸ್ ತಗೊಳ್ತಾರಾ?"

ನಗಿಸಲು ಹೇಳಿದ್ದಲ್ಲ ಅದು. ಒಣಗುತ್ತಿದ್ದ ಹಳದಿಯನ್ನು ನೋಡುತ್ತ ನಿಂತರು. ಊರಿಗೆ ಹೋಗಿದ್ದೇನೆ ಎಂದು ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ಏನೂ ಇಲ್ಲ ಅಂದ ಮೇಲೂ ಕರೆಯುತ್ತಾರಲ್ಲ, ಅವರ ಲೆಕ್ಕಕ್ಕೆ ಒಂದು ತಲೆ ಬೇಕಿರಬೇಕು ಅಂದುಕೊಂಡೆ, ಎಂದರು. ಆಮೇಲೆ ದನಿ ಇಳಿಸಿ, "ಅಲ್ಲಿ ಹೋಗಿ ಮಲಗೋಕೆ ಆಗ್ಲಿಲ್ಲ ಕಣೆ. ಅವ್ರು 'ಇನ್ನೂ ಅದೆ' ಅಂದಾಗ್ಲೂ ನನ್ನ ಮುಖದಲ್ಲಿ ನಗು ಇತ್ತು. ಅವ್ರು ನೋಡ್ಬುಟ್ರು," ಎಂದರು.

ಗಡುವಿನ ಕೊನೆಯ ದಿನ ಇವರು ಹೋದರು. ಕಿಟಕಿ ಪಕ್ಕದ ಮಂಚ ಖಾಲಿ ಇತ್ತು. ಹೊಸ ಹಾಸು ಹಾಕಿತ್ತು.

"ಅಲ್ಲಿ ಮಲ್ಕೊಳ್ಳಿ ಸಾರ್, ಗಾಳಿ ಬರತ್ತೆ," ಎಂದರು ಸಿಸ್ಟರು.

"ಬೇಡ ಸಿಸ್ಟರ್. ಅದು ದಾಯಾದಿ ಪಾಲು."

ಗೋಡೆ ಪಕ್ಕದಲ್ಲೇ ಮಲಗಿದರು. ಎಳನೀರಿನವರು ಹೇಗಿದ್ದಾರೆ, ಆಪರೇಷನ್ ಆಯಿತೇ ಎಂದು ನಾನು ಕೇಳಿದೆ. ಸಿಸ್ಟರು, ಅವರು ಈ ಟ್ರಯಲ್ಲಿನಿಂದ ಹೊರಗೆ ಹೋದರು, ಇನ್ನು ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ನಿಮ್ಮ ವಿಷಯವನ್ನೂ ಯಾರಿಗೂ ಹೇಳುವುದಿಲ್ಲ ಎಂದರು. ಅದು ನ್ಯಾಯವೇ. ಆದರೂ ಸಿಸ್ಟರ ಮುಖದಲ್ಲಿ ಏನಾದರೂ ಸಿಕ್ಕೀತೇ ಎಂದು ನೋಡಿದೆ. ಅವರು ಬಾಗಿಲ ಕಡೆ ಹೋಗಿ "ಮಗ್ಗುಲು" ಎಂದರು. ಇವರೊಬ್ಬರೇ ಹೊರಳಿದರು. ಮುಖ ಖಾಲಿ ಮಂಚದ ಕಡೆ ಬಂತು. ಮುಂದಿನ ಮಗ್ಗುಲಿನ ತನಕ ಇವರು ಕಣ್ಣು ಮುಚ್ಚಿಕೊಂಡೇ ಇದ್ದರು.

ಆ ಕ್ರಿಸ್‌ಮಸ್ಸಿಗೆ ನಮ್ಮ ಮನೆ ಬ್ಲೀಚು ನಾರುತ್ತಿತ್ತು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮುಂದಿನ ತಪಾಸಣೆ. ನಾನು ಅದೇ ಬೆಂಚಿನಲ್ಲಿ ಕೂತಿದ್ದೆ. ಈ ಸಲ ಇವರು ಲುಂಗಿ ಕಟ್ಟಿಕೊಂಡು, ಶರ್ಟಿನ ಗುಂಡಿ ಹಾಕಿಕೊಂಡು ನಿಧಾನವಾಗಿ ಹೊರಗೆ ಬಂದರು. ಹಿಂದೆಯೇ ಡಾಕ್ಟರು ಬಂದು ನನ್ನ ಎದುರು ನಿಂತು, ಒಂದೊಂದು ಅಕ್ಷರವನ್ನೂ ತೂಗಿ, "ಸದ್ಯಕ್ಕೆ ಏನೂ ಇಲ್ಲ," ಎಂದರು.

"'ಕ್ಕೆ' ಸೇರಿಸಿದ್ದಾರೆ ನೋಡು," ಎಂದರು ಇವರು. "ಅದೇನೋ ಹೇಳ್ತೀಯಲ್ಲ ನೀನು, ಕ್ಲಾಸಲ್ಲಿ."

"ಚತುರ್ಥೀ ವಿಭಕ್ತಿ."

"ಹೂಂ. ಅದರ ಮೇಲೆ ನಿಂತಿದೆ ನನ್ನ ಮೂತ್ರಕೋಶ."

ಡಾಕ್ಟರು ನಕ್ಕರು, ಆಮೇಲೆ ನಿಲ್ಲಿಸಿದರು. ಮುಂದಿನ ಡೋಸಿನ ದಿನವನ್ನು ಇವರ ಫೋನಿಗೂ ನನ್ನ ಫೋನಿಗೂ ಹಾಕಿಸಿದರು.

ಹೊರಗೆ ಬಂದ ಮೇಲೆ ಇವರು ಸ್ಕೂಟರನ್ನು ಮನೆಯ ಕಡೆ ತಿರುಗಿಸಲಿಲ್ಲ. ಬೋಗಾದಿ ರಸ್ತೆಗೆ ಬಿಟ್ಟರು. ಅಷ್ಟು ದಿನವೂ ಊರಲ್ಲಿ ಎಲ್ಲಿ ಎಳನೀರಿನ ಗಾಡಿ ಕಂಡರೂ ಮಚ್ಚು ಹಿಡಿದವರ ಮುಖ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಇವರಿಗೂ ಆಗಿತ್ತೆಂದು ಆವತ್ತು ಗೊತ್ತಾಯಿತು. ಮಳೆಮರ ಸಿಕ್ಕಿತು. ಅದರ ಸುತ್ತ ಹೊಸ ಕಟ್ಟಡಗಳ ಜಲ್ಲಿ, ಮರಳು. ಬುಡದಲ್ಲಿ ಎಳನೀರಿನ ಬುರುಡೆಗಳ ಒಂದು ಗುಡ್ಡೆ, ಒಣಗಿ ಕಪ್ಪಾಗಿತ್ತು. ಹಸಿರಾದದ್ದು ಒಂದೂ ಇರಲಿಲ್ಲ. ಗಾಡಿ ನಿಲ್ಲುತ್ತಿದ್ದ ಕಡೆ ನೆಲದಲ್ಲಿ ಗಾಲಿಯ ಎರಡು ಗುಳಿ.

ಎದುರಿನ ಜೆರಾಕ್ಸ್ ಅಂಗಡಿಯವರನ್ನು ಕೇಳಿದೆವು.

"ಆ ಯಜಮಾನ್ರಾ? ಬರ್ತಾ ಇಲ್ಲ ಕಣ್ರೀ. ಸುಮಾರು ದಿನ ಆಯ್ತು. ಹುಷಾರಿರ್ಲಿಲ್ಲ ಅಂತಿದ್ರು. ನೀವು ಅವ್ರ ಕಡೆಯೋರಾ?"

"ಹೌದು," ಎಂದರು ಇವರು.

"ನಿಮಗೇ ಗೊತ್ತಿಲ್ವಾ ಹಂಗಾದ್ರೆ?"

ಯಜಮಾನರ ಹಳ್ಳಿ ಯಾವುದು ಎಂದು ಕೇಳಲು ನಾನು ಬಾಯಿ ತೆರೆದೆ. ಇವರು ನನ್ನ ಮೊಣಕೈ ಹಿಡಿದು, "ಬುಡು," ಎಂದರು. ಸ್ಕೂಟರಿನ ಹತ್ತಿರ ಬಂದ ಮೇಲೆ, "ದಾಯಾದಿಗೆ ಹೇಳಿ ಕಳಿಸ್ತಾರೆ ಅಂದಿದ್ರಲ್ಲ. ಹೇಳಿ ಕಳಿಸಿಲ್ಲ. ಅಂದ್ರೆ ಇದ್ದಾರೆ," ಎಂದರು. ಯಾರು ಹೇಳಿ ಕಳಿಸಬೇಕು, ನಮ್ಮ ಹೆಸರು ಯಾರಿಗೆ ಗೊತ್ತು ಎಂದು ನಾನು ಹೇಳಲಿಲ್ಲ.

ಅಲ್ಲಿಂದ ಚರ್ಚಿಗೆ ಹೋದೆವು. ಆಫೀಸಿನಲ್ಲಿ ಪೂಜೆ ಬರೆದುಕೊಳ್ಳುವ ಅಮ್ಮ ಇವರನ್ನು ಗುರುತು ಹಿಡಿದು, "ಇನ್ನೊಂದು ಉಪಕಾರ ಸ್ಮರಣೇನಾ?" ಎಂದು ನಕ್ಕರು.

"ಅಲ್ಲಮ್ಮ. ಬೇರೆಯೋರಿಗೆ."

"ಹೆಸರು?"

"ಹೆಸರು ಗೊತ್ತಿಲ್ಲ. ದಾಯಾದಿ ಅಂತ ಬರ್ಕೊಳ್ಳಿ."

ಅವರು ಕನ್ನಡಕದ ಮೇಲಿನಿಂದ ನೋಡಿದರು. ದಾಯಾದಿಯ ಹೆಸರು ಗೊತ್ತಿಲ್ಲದವರು ಅವರಿಗೆ ಅದೇ ಮೊದಲು ಸಿಕ್ಕಿರಬೇಕು. ಆದರೂ ಬರೆದುಕೊಂಡರು. ಪೆನ್ನು ಎತ್ತದೆ, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು, "ಬದುಕಿರೋರಿಗಾ, ತೀರ್ಕೊಂಡೋರಿಗಾ?"

ಪೂಜೆ ಹೇಳಿಸುವವರು ಉತ್ತರಿಸಲೇಬೇಕಾದ ಪ್ರಶ್ನೆ ಅದು. ಬದುಕಿರುವವರಿಗೆ ಒಂದು ಪ್ರಾರ್ಥನೆ, ಸತ್ತವರಿಗೆ ಇನ್ನೊಂದು. ಇವರು ನನ್ನ ಕಡೆ ತಿರುಗಿದರು. ಗೋಡೆಯ ಗಡಿಯಾರದ ಕೆಳಗೆ ಫ್ಯಾನು ತಿರುಗುತ್ತಿತ್ತು. ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಈ ಪ್ರಶ್ನೆಗೆ ಇನ್ನು ಮೂರು ತಿಂಗಳಿಗೊಮ್ಮೆ, ಆ ಬೆಂಚಿನ ಮೇಲೆ, ನಾನೂ ಉತ್ತರಕ್ಕೆ ಕಾಯಬೇಕು.

"ಬದುಕಿರೋರಿಗೆ," ಎಂದರು ಇವರು. ಅಮ್ಮ ಬರೆಯತೊಡಗಿದ ಮೇಲೆ, "ಸದ್ಯಕ್ಕೆ," ಎಂದು ಸೇರಿಸಿದರು. ಅಮ್ಮನಿಗೆ ಅದು ಕೇಳಿಸಲಿಲ್ಲ.

ಮೂರನೆಯ ಡೋಸಾಗಿ ಎರಡನೆಯ ದಿನ ಇವತ್ತು. ಬೆಳಗ್ಗೆ ಎದ್ದವರೇ ಇವರು ತಲೆಗೆ ತಣ್ಣೀರು ಸುರಿದುಕೊಂಡರು. ಬಿಸಿನೀರು ಕಾದಿತ್ತು. ಚಳಿ ಅಂತ ತಪ್ಪಿಸಿಕೊಳ್ಳಬೇಡ ಎಂದಿದ್ದರು ಎಳನೀರಿನವರು. ತಲೆ ಒರೆಸಿಕೊಳ್ಳುತ್ತಲೇ ಅಂಗಳ ದಾಟಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಮಗ್ಗಿನಲ್ಲಿ ಬ್ಲೀಚು ತುಂಬಿಕೊಂಡು ಬಾಗಿಲ ಹೊರಗೆ ನಿಂತಿದ್ದೇನೆ. ಬಣ್ಣ ಇನ್ನೂ ಕೇಳಿಸಿಲ್ಲ.